ಕರಡಿಗೆ ತೆಗೆಯದೆ ಕಂಡ ಎದೆಬಡಿತ

ಖಾನಾಪುರ, ೧೪-೧೧-೮೩

ದೊಡ್ಡಪ್ಪನವರಿಗೆ ಶರಣು, ನಿಮ್ಮ ಹಟಕ್ಕೆ ಇನ್ನೊಂದು ಶರಣು.

ಎದೆಬಡಿತದ ಗೆರೆ ಬರೆಯುವ ನನ್ನ ಪೆಟ್ಟಿಗೆಯನ್ನು ಕಾಲೇಜಿನಿಂದ ಇಲ್ಲಿಯ ಆರೋಗ್ಯ ಶಿಬಿರಕ್ಕೆ ತಂದಿದ್ದೇನೆ. ಎದೆಯ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು. ರೇಡಿಯೋ ಸೆಲ್ಲು ಹಾಕಿದರೆ ಪೆಟ್ಟಿಗೆ ಅದನ್ನು ಸಾವಿರ ಪಟ್ಟು ಹಿಗ್ಗಿಸುತ್ತದೆ; ಸಣ್ಣದನ್ನು ದೊಡ್ಡದು ಮಾಡುವುದು ನಮ್ಮ ಮನೆತನದ ವಿದ್ಯೆಯೇ.

ನಿನ್ನೆ ಗುರುಪುತ್ರಪ್ಪನೆಂಬ ಅಜ್ಜ ಬಂದರು. ಕೊರಳಿನ ಲಿಂಗದ ಕರಡಿಗೆ ತೆಗೆಯಿರೆಂದು ನರ್ಸಬಾಯಿ ಮರಾಠಿಯಲ್ಲಿ ಹೇಳಿದ್ದೇ ತಡ, ಹೋದ ತಿಂಗಳು ಇದೇ ಮಾತಿಗೆ ನೀವು ಎದೆನೋವು ಹೊತ್ತುಕೊಂಡೇ ಆಸ್ಪತ್ರೆಯಿಂದ ಎದ್ದು ಬಂದ ಹಾಗೆ ಎದ್ದರು.

“ಲಿಂಗ ತಗದ ಮ್ಯಾಲೆ ಎದಿ ಯಾಕ ಬಡೀಬೇಕವಾ?”

“ಕುಂದರ್ರಿ ಅಜ್ಜಾರ, ಅದು ಅಲ್ಲೇ ಇರಲಿ. ನನ್ನ ತಂತಿಗೆ ಕೈಕಾಲು ಸಾಕು,” ಎಂದು ಮುಂಗೈಗೆ, ಕಾಲಿಗೆ ಕಟ್ಟಿದೆ. ಮೊದಲು ದೀಪದ ಕರೆಂಟಿನ ನಡುಕವೇ ಕಾಗದದ ಮೇಲೆ ಬಂತು. ಆಗ ಊರ ಕರೆಂಟು ಹೋಯಿತು. ಎಲ್ಲರೂ ಬೈದರು, ಸೆಲ್ಲಿನ ಮೇಲೆ ನಡೆಯುವ ನನ್ನ ಪೆಟ್ಟಿಗೆಯ ಗೆರೆ ಮಾತ್ರ ಸ್ವಚ್ಛವಾಯಿತು. ಅದನ್ನು ನೋಡಿದ ಡಾಕ್ಟರು ಅಜ್ಜನಿಗೆ ಅಂದೇ ಗುಳಿಗೆ ಶುರು ಮಾಡಿದರು.

ನನ್ನ ನೆಗಡಿ ವಾಸಿ. ರವಿವಾರ ಪೆಟ್ಟಿಗೆಯೊಂದಿಗೆ ಕಾಕತಿಗೆ ಬರುತ್ತೇನೆ. ಲಿಂಗ ಎದೆಯ ಮೇಲೇ ಇರಲಿ, ಅಂಗಿಯ ತೋಳು ಮಾತ್ರ ಏರಿಸಿ ಕುಳಿತಿರಿ. ಅದು ನಿಮಗೆ ಹೊಸದೇನಲ್ಲ.

ಅವಸರದಲ್ಲಿ,
ನಿಮ್ಮ ಉಳವಪ್ಪ