ಅಂಗಡಿಯಲ್ಲಿಲ್ಲದ ರೈಲು

ಮನೆಯಿಂದ, ಅಪ್ಪನ ಕೋಣೆ
ತಾರೀಖು ಹದಿನೇಳು, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಂಜಿನ್ ರೂಮಿನ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆ ಹೋಯಿತೆ? ನಾನು ಕೊಟ್ಟ ಪೌಡರ್ ಹಚ್ಚಿಕೊಳ್ಳುತ್ತಿದ್ದೀಯೋ, ಎಂದಿನಂತೆ ಪೆಟ್ಟಿಗೆಯ ತಳದಲ್ಲಿ ಭದ್ರವಾಗಿ ಇಟ್ಟಿದ್ದೀಯೋ? ನಿಮ್ಮ ಹಡಗಿನ ಅಡುಗೆಯವನು ಇನ್ನೂ ಉಪ್ಪಿನ ಮೇಲೆ ಹಗೆ ಸಾಧಿಸುತ್ತಿದ್ದಾನೆಯೆ? ರುಚಿ ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಬಿಪಿ, ಸಕ್ಕರೆ ಎರಡೂ ಹತೋಟಿಯಲ್ಲಿವೆ. ನಾನೂ ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಉಜ್ಜಿ ಬೆರಳು ಸವೆದಿವೆ, ನಾಲಿಗೆ ಮಾತ್ರ ಸವೆದಿಲ್ಲ. ನೀನು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಡುಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲದೆ ನಿನ್ನ ಫೋನ್ ಸತ್ತು ಮಲಗಿದೆಯಲ್ಲ, ಅದಕ್ಕೆ ಈ ಪತ್ರವನ್ನು ನಿಮ್ಮ ಕಂಪನಿಯ ಆಫೀಸಿಗೆ ಕೊಡುತ್ತಿದ್ದೇನೆ. ಇಪ್ಪತ್ತಾರಕ್ಕೆ ಹಡಗು ಬಂದರು ಸೇರಿದಾಗ ನಿನ್ನ ಕೈಗೆ ಸಿಗುತ್ತದಂತೆ.

ವಿಷಯ ಅಪ್ಪನ ಕಂಪ್ಯೂಟರಿನಲ್ಲಿದ್ದ ರೈಲಿನ ಆಟದ್ದು. ನೀನು ಕೊಂಡು ಹಾಕಿಕೊಟ್ಟಾಗ, ಮೂವತ್ತೊಂದು ವರ್ಷ ನಿಜವಾದ ರೈಲು ಓಡಿಸಿದವರಿಗೆ ಈ ಆಟಿಕೆ ಯಾಕೆ ಎಂದು ನಗಾಡಿದ್ದೆ. ನೀನು ಹೋದ ಮೇಲೆ ಅಪ್ಪನ ಮರೆವು ಹೆಚ್ಚಾಗಿದೆ. ಕೆಲವು ದಿನ ನನ್ನ ಹೆಸರೂ ಬಾಯಿಗೆ ಬರುವುದಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಆ ಆಟದ ಮುಂದೆ ಕೂತರೆ, ತಾವು ಓಡಿಸಿದ ಅದೇ ಬೆಟ್ಟದ ದಾರಿ, ಅದೇ ಎಂಜಿನ್ನು, ಮೂರು ಸುರಂಗ, ಏಳು ಸ್ಟೇಷನ್ನು. ಎಲ್ಲಿ ಬ್ರೇಕು, ಎಲ್ಲಿ ಸೀಟಿ, ಒಂದೂ ತಪ್ಪುವುದಿಲ್ಲ. ಹನ್ನೆರಡೂವರೆಗೆ ಗಾಡಿ ಕೊನೆಯ ಸ್ಟೇಷನ್ ಸೇರುತ್ತದೆ, ನಾನು ಊಟಕ್ಕೆ ಮನೆ ಸೇರುತ್ತೇನೆ. ಆ ಎರಡೂವರೆ ಗಂಟೆ ಅಪ್ಪ ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬ ಧೈರ್ಯದ ಮೇಲೆ ಕೆಲಸಕ್ಕೆ ಹೋಗುತ್ತಿದ್ದೆ.

ಹೋದ ತಿಂಗಳ ಕೊನೆಗೆ ಆ ಆಟವನ್ನು ಆನ್‌ಲೈನ್ ಅಂಗಡಿಯಿಂದ ತೆಗೆದುಬಿಟ್ಟರು. ರೈಲ್ವೆಯವರ ಜೊತೆಗಿನ ಕರಾರು ಮುಗಿಯಿತಂತೆ. ಹೊಸಬರಿಗೆ ಮಾರುವುದಿಲ್ಲ, ಮೊದಲೇ ಕೊಂಡವರು ಆಡಬಹುದು, ಬೇಕಾದಾಗ ಮತ್ತೆ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು ಎಂದು ಬರೆದಿದ್ದರು. ಸದ್ಯ, ಬದುಕಿದೆ ಎಂದುಕೊಂಡೆ. ಒಂದೇ ವಾರಕ್ಕೆ, ಏಳನೇ ತಾರೀಖು, ಕಂಪ್ಯೂಟರಿನ ಡಿಸ್ಕ್ ಕೈಕೊಟ್ಟಿತು. ರಿಪೇರಿಯವನು ಹೊಸದು ಹಾಕಿಕೊಟ್ಟ. ಆಟ ಇಳಿಸಿಕೊಳ್ಳೋಣವೆಂದು ನಿನ್ನ ಡೈರಿಯಲ್ಲಿದ್ದ ಪಾಸ್‌ವರ್ಡ್ ಹೊಡೆದರೆ, ನಿಮ್ಮ ಫೋನಿಗೆ ಕಳಿಸಿರುವ ಅಂಕಿ ಕೊಡಿ ಎಂದಿತು. ಫೋನು ನಿನ್ನ ಜೇಬಿನಲ್ಲಿ, ನೀನು ನೀರಿನ ಮಧ್ಯೆ. ಯಾರ ಹತ್ತಿರ ಹೋಗಿ ಕೇಳಲಿ?

ಆಗ ನಾನು ಮಾಡಿದ ಘನಕಾರ್ಯ ಕೇಳು. ಆ ಆನ್‌ಲೈನ್ ಅಂಗಡಿಯ ಸಹಾಯ ವಿಭಾಗಕ್ಕೆ ಬರೆದೆ. ಈ ಖಾತೆ ನಿಮ್ಮದೇನಾ ಎಂದು ಕೇಳಿದರು. ನಮ್ಮ ಅಪ್ಪನ ಕಥೆ ನಿನಗೆ ಗೊತ್ತಲ್ಲ, ಗಾಡಿ ನಾಲ್ಕು ನಿಮಿಷ ತಡವಾದರೂ ಯಾರೂ ಕೇಳುವ ಮೊದಲೇ ರಿಜಿಸ್ಟರಿನಲ್ಲಿ ತಪ್ಪು ನನ್ನದೇ ಎಂದು ಬರೆಯುತ್ತಿದ್ದವರು. ಅವರ ಮಗಳು ಇನ್ನೇನು ಬರೆದಾಳು? ಖಾತೆ ತಮ್ಮನದು, ಅವನು ಹಡಗಿನಲ್ಲಿದ್ದಾನೆ, ಆಡುವುದು ನಮ್ಮ ಅಪ್ಪ, ದಯವಿಟ್ಟು ಸಹಾಯ ಮಾಡಿ ಎಂದು ಇದ್ದದ್ದು ಇದ್ದ ಹಾಗೆ ಒಂದು ಪುಟ ಬರೆದೆ. ಕೊನೆಗೆ ವಂದನೆಗಳು ಬೇರೆ! ಮೊನ್ನೆ ಮಂಗಳವಾರ ಉತ್ತರ ಬಂತು. ಖಾತೆ ಒಬ್ಬರಿಗೆ ಮಾತ್ರ, ಇನ್ನೊಬ್ಬರು ಬಳಸುವಂತಿಲ್ಲ, ಅದಕ್ಕೆ ಬೀಗ ಹಾಕಿದ್ದೇವೆ, ಹದಿನಾಲ್ಕು ದಿನದೊಳಗೆ ಖಾತೆದಾರರೇ ಖುದ್ದಾಗಿ ಮಾತಾಡದಿದ್ದರೆ ಮುಚ್ಚಿಬಿಡುತ್ತೇವೆ, ಅಂತ. ಅಂದರೆ ಇಪ್ಪತ್ತೊಂಬತ್ತಕ್ಕೆ. ಮುಚ್ಚಿದರೆ ಆಟ ಹೋದ ಹಾಗೆಯೇ, ಮತ್ತೆ ಕೊಳ್ಳೋಣವೆಂದರೆ ಅಂಗಡಿಯಲ್ಲೇ ಇಲ್ಲ. ರಿಪೇರಿಯವನು ತಲೆ ಚಚ್ಚಿಕೊಂಡ. "ಹೌದು, ನಂದೇ ಅಂತ ಒಂದು ಮಾತು ಬರೆದಿದ್ರೆ ಆಗ್ತಿತ್ತಲ್ಲಕ್ಕಾ! ಕಂಪ್ಯೂಟರ್ ಹತ್ರ ಯಾರಾದ್ರೂ ಸತ್ಯ ಹೇಳ್ತಾರಾ?" ಎಂದ. ಪಾಪ, ಅವನೇ ಬೇರೊಂದು ರೈಲಿನ ಆಟ ತಂದು ಹಾಕಿದ. ಅಪ್ಪ ಐದು ನಿಮಿಷ ನೋಡಿ, "ಇದು ನನ್ನ ಗಾಡಿ ಅಲ್ಲ, ಪರ್ಮಿಷನ್ ಇಲ್ದೆ ಮುಟ್ಟಬಾರದು" ಎಂದು ಕೈಕಟ್ಟಿಕೊಂಡು ಕೂತರು.

ಒಂದು ವಾರ ರಜೆ ಹಾಕಿ ಮನೆಯಲ್ಲೇ ಇದ್ದೆ. ನಮ್ಮ ಕನ್ನಡಕದಂಗಡಿಯ ಯಜಮಾನರು ಆಗಲೇ ಮುಖ ಗಂಟಿಕ್ಕಿದ್ದಾರೆ, ಇವತ್ತು ಮತ್ತೆ ರಜೆ ಕೇಳಿದ್ದಕ್ಕೆ ಫಟ್ಟನೆ ಫೋನಿಟ್ಟರು. ನಾನು ಇದನ್ನು ಬರೆಯುತ್ತಿರುವಾಗ ಅಪ್ಪ ಪಕ್ಕದಲ್ಲೇ ಕೂತು ಕಪ್ಪು ಪರದೆ ನೋಡುತ್ತಿದ್ದಾರೆ. "ಸಿಗ್ನಲ್ ಇನ್ನೂ ಬಿಟ್ಟಿಲ್ವಾ?" ಎಂದು ನಾಲ್ಕು ಸಲ ಕೇಳಿದರು. ಇಲ್ಲಪ್ಪ ಎನ್ನುತ್ತೇನೆ. ಹತ್ತು ಗಂಟೆಯಾಯಿತೆಂದರೆ ಬಾಗಿಲ ಚಿಲಕ ಹಾಕಿದೆಯೆ ಎಂದು ಎದ್ದು ನೋಡಿ ಬರುತ್ತೇನೆ. ಹೆದರಿಕೆಯಾಗುತ್ತಿದೆ ತಮ್ಮಾ. ನೀನು ದಡಕ್ಕೆ ಇಳಿದ ಕೂಡಲೇ ಆ ಆನ್‌ಲೈನ್ ಅಂಗಡಿಯವರಿಗೆ ಫೋನ್ ಮಾಡು. ಖಾತೆಯೂ ನನ್ನದು, ಆಡುವವನೂ ನಾನೇ ಎಂದು ಹೇಳು. ಅಪ್ಪನ ಸುದ್ದಿ ಎತ್ತಬೇಡ. ಫೋನಿಗೆ ಬಂದ ಅಂಕಿಯನ್ನು ನನಗೆ ಕಳಿಸು. ನನ್ನ ಪೆದ್ದುತನಕ್ಕೆ ಬೈಯುವುದಿದ್ದರೆ ಅದೆಲ್ಲ ಆದ ಮೇಲೆ ಬೈಯಿ, ಬೈಸಿಕೊಳ್ಳುತ್ತೇನೆ.

ಮೈ ಹುಷಾರು. ಅಪ್ಪನ ಆಶೀರ್ವಾದದ ಜೊತೆಗೆ ನನ್ನದನ್ನೂ ಸೇರಿಸಿ ಕಳಿಸಿದ್ದೇನೆ.

ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ರಜೆ ಮುಗಿಸಿ ನಿನ್ನೆ ಕೆಲಸಕ್ಕೆ ಹೋಗಿದ್ದೆ, ಅಪ್ಪ ಮನೆಯಿಂದ ಹೊರಟುಬಿಟ್ಟಿದ್ದರು. ಪಕ್ಕದ ಮನೆಯ ಟೀಚರಿಗೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದೆ. ಅವರು ಸ್ನಾನಕ್ಕೆ ಹೋದ ಹತ್ತು ನಿಮಿಷ ಸಾಕಾಯಿತು. ಮೂರು ಗಂಟೆ ಹುಡುಕಿದೆ. ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಮನೆಯ ಚಪ್ಪಲಿಯಲ್ಲೇ ಕೂತಿದ್ದರು. ಹಳಿಗೆ ಇಳಿದಿರಲಿಲ್ಲ, ಅಷ್ಟೇ ಪುಣ್ಯ. ಇಲ್ಲೇನು ಮಾಡ್ತಿದ್ದೀರಪ್ಪ ಎಂದರೆ, "ಡ್ರೈವರ್ ಇನ್ನೂ ಬಂದಿಲ್ಲಮ್ಮ. ಪಾಪ, ಜನ ಎಲ್ಲ ಕಾಯ್ತಿದ್ದಾರೆ" ಎಂದರು. ನನ್ನ ಹೆಸರು ಮರೆತ ದಿನವೂ ತಾವೇ ಡ್ರೈವರ್ ಎನ್ನುವುದನ್ನು ಅಪ್ಪ ಇದುವರೆಗೆ ಮರೆತಿರಲಿಲ್ಲ. ಎಷ್ಟು ಕರೆದರೂ ಏಳಲಿಲ್ಲ. ಇಪ್ಪತ್ತಾರಕ್ಕೆ ಡ್ರೈವರ್ ಖಂಡಿತ ಬರ್ತಾರಪ್ಪ ಎಂದು ನಾನು ಮಾತು ಕೊಟ್ಟ ಮೇಲೆಯೇ ಎದ್ದು ಬಂದರು.