ಎಂಜಿನ್ ನಿಲ್ಲಿಸಿದ ಕೈ

ಜುಲೈ ೧೪, ಭಾನುವಾರ

ನನ್ನ ಮೊಂಡ ತಮ್ಮನಿಗೆ,

ಅಕ್ಕ ಮಾಡುವ ಆಶೀರ್ವಾದ ಮೊದಲು, ಬೈಗುಳ ಆಮೇಲೆ. ನಿನ್ನ ಎರಡು ಸಾಲಿನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಬರೆಯಲು ಎಷ್ಟೋ ಸಲ ಕೂತೆ ಕಣೋ. ಕೂತ ಕೂಡಲೇ ನಲ್ಲಿ ತೊಟ್ಟಿಕ್ಕುವ ಸದ್ದು, ಎದ್ದು ಹೋಗಿ ವಾಷರ್ ಬದಲಿಸಿದೆ. ಮತ್ತೆ ಕೂತರೆ ಬಾಗಿಲು ಕಿರ್ರೆಂದಿತು, ಅದಕ್ಕೆ ಎಣ್ಣೆ ಬಿಟ್ಟೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಈ ಎರಡು ತಿಂಗಳಲ್ಲಿ ರಿಪೇರಿಯಾಗದೆ ಉಳಿದವಳು ನಾನೊಬ್ಬಳೇ. ನಿನ್ನ ಕಾಲಿನ ಪ್ಲಾಸ್ಟರ್ ತೆಗೆದರೆಂದು ನಿನ್ನ ಗೆಳೆಯ ಹೇಳಿದ. ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದೀಯಾ, ಇಲ್ಲ ಅವನ ಕೋಣೆಯಲ್ಲಿ ಗೋಡೆ ನೋಡುತ್ತ ಬಿದ್ದಿದ್ದೀಯಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ.

ನೀನು ಕೇಳಿದ್ದು ಒಂದೇ ಮಾತು, “ಕಾರ್ಬುರೇಟರ್ ವಿಷಯ ಏನಾಯಿತು?” ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಲೂ ಅದನ್ನೇ ಹೇಳಿದ್ದೆ. “ಎಂಜಿನ್ ನಡುಗ್ತು ಅಕ್ಕ. ಬಿಸಿಗಾಳಿ ನಾಬ್ ಎಳೆದೆ, ಇನ್ನೂ ಕೆಟ್ಟುಹೋಯ್ತು. ನಿನ್ನ ಕಾರ್ಬುರೇಟರಲ್ಲೇ ಏನೋ ಇತ್ತು.” ಹೇಳಿ ಮತ್ತೆ ಕಣ್ಣು ಮುಚ್ಚಿಕೊಂಡೆ. ನನ್ನ ತಲೆಯಲ್ಲಿ ಹುಳ ಬಿಟ್ಟು ನೀನು ನಿದ್ದೆ ಮಾಡಿದೆ. ಆ ಕಾರ್ಬುರೇಟರ್ ತೊಳೆದು ಕೂರಿಸಿದವಳು ನಾನು. ವಿಮಾನ ಹಾರಿಸಿದವನು ನೀನು. ಪಕ್ಕದ ಸೀಟಿನಲ್ಲಿ ಕೂತು ಪ್ರಾಣ ಬಿಟ್ಟವರು ಅಪ್ಪ.

ಅವರು ಯಾಕೆ ಹತ್ತಿದರೋ ಎಂದು ನೂರು ಸಲ ಅಂದುಕೊಂಡಿದ್ದೇನೆ. ಆದರೆ ಫ್ಲೈಯಿಂಗ್ ಕ್ಲಬ್ಬಿನ ವರ್ಕ್‌ಶಾಪ್ ನಡೆಸಿದ ಅಪ್ಪನ ಕಟ್ಟಳೆ ನಮಗೆ ಗೊತ್ತಿಲ್ಲದ್ದಲ್ಲ. ಎಂಜಿನ್ ಬಿಚ್ಚಿದ ಮೇಲಿನ ಮೊದಲ ಹಾರಾಟದಲ್ಲಿ ವರ್ಕ್‌ಶಾಪಿನವರೊಬ್ಬರು ಕೂರಲೇಬೇಕು. ತಾವು ಕೂರಲು ಹೆದರುವ ವಿಮಾನದಲ್ಲಿ ಬೇರೆಯವರನ್ನು ಕೂರಿಸಬಾರದು. ನಿವೃತ್ತಿಯಾದ ಮೇಲೂ ಅವರಿಗೆ ಅದರ ಚಟ ಬಿಟ್ಟಿರಲಿಲ್ಲ. “ಮಗಳು ರಿಪೇರಿ ಮಾಡಿದ್ದು, ಮಗ ಹಾರಿಸೋದು. ನಾನಲ್ದೆ ಇನ್ಯಾರು ಕೂರ್ಬೇಕು?” ಎಂದು ನಗುತ್ತಲೇ ಹತ್ತಿದರು.

ಅಮ್ಮನದು ಅಂದಿನಿಂದ ಒಂದೇ ಪ್ರಶ್ನೆ. ತನಿಖೆಯವರು ಮನೆಗೆ ಬಂದು, ಹವಾಮಾನದ ಕಾರಣ ಇರಬಹುದು ಎಂದು ಮೆತ್ತಗೆ ಹೇಳಿದರು. “ಹವಾಮಾನಕ್ಕೆ ಬೈಯೋಕಾಗುತ್ತೇನಪ್ಪಾ? ಎಂಜಿನ್ ನಿಲ್ಲಿಸಿದ ಕೈ ಯಾವ್ದು? ನನ್ನ ಮಗಳದೋ, ಮಗನದೋ? ಅಷ್ಟು ಹೇಳಿ ಹೋಗಿ,” ಎಂದಳು. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನಿನ್ನ ಹೆಸರೆತ್ತಿದರೆ ಅಮ್ಮ ಒಳಗೆ ಎದ್ದುಹೋಗುತ್ತಿದ್ದಳು. ನಾನು ಎದುರಿಗಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದಳು. ಅಮ್ಮನ ಮುಂದೆ ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ.

ಕಡೆಗೆ ತನಿಖೆ ಮುಗಿದು ಕಾರ್ಬುರೇಟರ್ ವಾಪಸ್ ಬಂತು. ದೋಷ ಕಂಡುಬಂದಿಲ್ಲ ಎಂದು ಅದಕ್ಕೊಂದು ಚೀಟಿ ಕಟ್ಟಿದ್ದರು. ಚೀಟಿ ನಂಬುವ ಪೈಕಿ ನಾನಲ್ಲ. ಬೆಂಚಿನ ಮೇಲಿಟ್ಟು ಪೂರ್ತಿ ಬಿಚ್ಚಿದೆ. ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ಕಾದೆ. ಏಳಲಿಲ್ಲ. ಪೆಟ್ರೋಲ್ ತಡೆಯುವ ಸೂಜಿಯ ತುದಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಪೆಟ್ರೋಲ್ ಚಿಮ್ಮುವ ಜೆಟ್ಟಿನ ಸಣ್ಣ ತೂತನ್ನು ಕಿಟಕಿಗೆ ಹಿಡಿದರೆ ಬೆಳಕು ದುಂಡಗೆ ಕಂಡಿತು. ಜೋಡಿಸಿದೆ, ಸಮಾಧಾನವಾಗದೆ ಮತ್ತೆ ಬಿಚ್ಚಿದೆ. ನಿನಗೆ ಹಾರಾಟ ಕಲಿಸಿದ ಮೀಸೆ ಮಾಸ್ತರು ಬಾಗಿಲಲ್ಲಿ ನಿಂತು ನೋಡಿ, “ಬೆಟ್ಟ ಅಗೆದು ಇಲಿ ಹಿಡಿದೋರನ್ನ ಕಂಡಿದ್ದೀನಿ. ನೀನು ಬೆಟ್ಟಾನೇ ತೊಳೆದು ಒರೆಸ್ತಾ ಇದ್ದೀಯಲ್ಲ!” ಎಂದರು.

“ಇಲಿ ಇರ್ಲೇಬೇಕು ಮಾಸ್ತರೇ,” ಎಂದೆ.

ನಿಜ ಹೇಳಲೇ? ತಪ್ಪು ನನ್ನದೇ ಎಂದು ಸಿಕ್ಕಿಬಿಟ್ಟರೆ ಸಾಕಿತ್ತು. ಅತ್ತು ಮಲಗುತ್ತಿದ್ದೆ. ಸಿಗದೇ ಇರುವುದು ಅದಕ್ಕಿಂತ ಕೆಟ್ಟದ್ದು.

ಮಾಸ್ತರನ್ನು ಕಾಡಿ ಬೇಡಿ, ಅದನ್ನು ಕ್ಲಬ್ಬಿನ ಇನ್ನೊಂದು ವಿಮಾನಕ್ಕೆ ಕೂರಿಸಿದೆ. ಅದೇ ಮಾದರಿ, ಅದೇ ಎಂಜಿನ್. ಒಂದಿಡೀ ದಿನ ನೆಲದ ಮೇಲೆ ಓಡಿಸಿ ನೋಡಿದೆವು, ಬೆಣ್ಣೆ ತಿಂದ ಬೆಕ್ಕಿನ ಹಾಗೆ ಗುರುಗುಟ್ಟಿಕೊಂಡು ಓಡಿತು. ಆಮೇಲೆ ಆ ದಿನದಂಥದೇ ಹವೆಗಾಗಿ ಕಾದೆವು. ಮೊನ್ನೆ ಬಂತು. ಮೋಡ, ಅಂಗಿ ಮೈಗೆ ಅಂಟುವಷ್ಟು ಸೆಕೆ. ಕಟ್ಟಳೆಯ ಪ್ರಕಾರ ಪಕ್ಕದ ಸೀಟಿನಲ್ಲಿ ನಾನು ಕೂತೆ. ಬೆಲ್ಟನ್ನು ಮೂರು ಮೂರು ಸಲ ಬಿಗಿದುಕೊಂಡಿದ್ದನ್ನು ಮಾಸ್ತರು ನೋಡಿರಬೇಕು. “ಇಳೀತೀಯಾ?” ಎಂದರು. ಇಲ್ಲವೆಂದು ತಲೆಯಾಡಿಸಿದೆ.

ಬೆವರು ಇಳಿಯುವ ದಿನ ಎಂಜಿನಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ ಎಂದರೆ ಅಮ್ಮನಂಥವರು ನಗುತ್ತಾರೆ. ಅಂಗೈ ಮೇಲೆ ಪೆಟ್ರೋಲ್ ಬಿದ್ದರೆ ತಣ್ಣಗಾಗುವುದಿಲ್ಲವೇ, ಪೆಟ್ರೋಲು ಗಾಳಿ ಬೆರೆಯುವ ಕಾರ್ಬುರೇಟರಿನೊಳಗೆ ಆಗುವುದೂ ಅದೇ. ಗಾಳಿಯ ತೇವವೆಲ್ಲ ಅಲ್ಲಿ ಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟುತ್ತದೆ. ನಾಬ್ ಎಳೆದರೆ ಬಿಸಿಗಾಳಿ ನುಗ್ಗಿ ಕರಗಿಸುತ್ತದೆ. ಇದು ನಿನಗೂ ಪಾಠ, ನನಗೂ ಪಾಠ. ಇಬ್ಬರೂ ಪರೀಕ್ಷೆಯಲ್ಲಿ ಬರೆದು ಪಾಸಾದವರೇ.

ಮೋಡದ ಕೆಳಗೆ ಹೋದ ಸ್ವಲ್ಪ ಹೊತ್ತಿಗೆ ಎಂಜಿನ್ ಸೊರಗಿತು. ಆಮೇಲೆ ನಡುಕ. ಮಾಸ್ತರು ನಾಬ್ ಎಳೆದರು. ತಮ್ಮಾ, ಆಗ ಅದು ಕೆಮ್ಮಿದ ಕೆಮ್ಮು! ಕರಗಿದ ನೀರೆಲ್ಲ ಎಂಜಿನಿನೊಳಗೇ ಹೋಗುತ್ತದಲ್ಲ. ಇಡೀ ವಿಮಾನ ಕಿತ್ತುಬರುವಂತೆ ಅದುರಿತು, ಸದ್ದು ಅಡಗುತ್ತ ಬಂತು. ನನ್ನ ಕೈ ತಾನಾಗಿ ಮುಂದೆ ಹೋಗಿ ನಾಬನ್ನು ಒಳಕ್ಕೆ ಒತ್ತಲು ನೋಡಿತು. ಮಾಸ್ತರು ಪಟ್ಟನೆ ನನ್ನ ಕೈ ಮೇಲೆ ಹೊಡೆದರು. “ಕೈ ತೆಗಿ! ಕೆಮ್ಲಿ ಬಿಡು. ಕೆಮ್ಮಿದ್ರೇ ಕಫ ಹೋಗೋದು!” ಎಂದು ಕೂಗಿದರು. ಇನ್ನೇನು ನಿಂತೇಬಿಟ್ಟಿತು ಎನ್ನುವಾಗ ಗಂಟಲು ಬಿಟ್ಟಿತು. ಎಂಜಿನ್ ಮೊದಲಿನ ಹಾಗೆ ಓಡಿತು.

ಇಳಿದ ಮೇಲೆ ರೆಕ್ಕೆಯ ಕೆಳಗೆ ಕೂತು ನನ್ನ ಕೈಯನ್ನೇ ನೋಡಿಕೊಂಡೆ. ಒಡೆದ ವಿಮಾನದಲ್ಲಿ ಆ ನಾಬ್ ಒಳಕ್ಕೆ ಒತ್ತಿದ ಹಾಗೇ ಇತ್ತು. ಗೊತ್ತಿತ್ತು ನನಗೆ, ಮೊದಲ ದಿನವೇ ನೋಡಿದ್ದೆ. ಬಿದ್ದ ಹೊಡೆತಕ್ಕೆ ಒಳಗೆ ಹೋಗಿರಬೇಕೆಂದುಕೊಂಡಿದ್ದೆ. ಎಳೆದವನು ನೀನು, ಕೆಮ್ಮಿದ ಕೂಡಲೇ ಹೆದರಿ ಒತ್ತಿದವನೂ ನೀನು. ಹಾಗಲ್ಲವೇನೋ? ಇನ್ನೊಂದಿಷ್ಟು ಹೊತ್ತು ತಡೆದಿದ್ದರೆ ಗಡ್ಡೆ ಕರಗುತ್ತಿತ್ತು. ಇದನ್ನು ಬರೆಯದೆ ಬಿಡೋಣವೆನ್ನಿಸಿತು. ಆದರೆ ನೀನು ಕೇಳಿದ್ದೀಯ, ನಾನು ಸುಳ್ಳು ಬರೆದರೆ ಸಾಯುವ ತನಕ ಪ್ರತಿ ಎಂಜಿನ್ನಿಗೂ ಹೆದರುತ್ತೀಯ. ಕಾರ್ಬುರೇಟರ್ ಚೆನ್ನಾಗಿತ್ತು ಕಣೋ.

ನಿನ್ನ ಮೇಲೆ ಸಿಟ್ಟು ಬರಲಿ ಎಂದು ಎರಡು ದಿನ ಕಾದೆ. ಬರಲಿಲ್ಲ. ನನ್ನ ಕೈ ಏನು ಮಾಡಹೊರಟಿತ್ತೆಂದು ನೋಡಿದ್ದೇನಲ್ಲ. ನನ್ನ ಪಕ್ಕ ಮಾಸ್ತರಿದ್ದರು, ಹೊಡೆದರು. ನಿನ್ನ ಪಕ್ಕ ಅಪ್ಪ ಇದ್ದರು. ಅವರು ಯಾವತ್ತು ನಿನ್ನ ಮೇಲೆ ಕೈಯೆತ್ತಿದ್ದಾರೆ?

ಸಾಕು. ಹ್ಯಾಂಗರಿನ ತಗಡಿಗೆ ಹೊಸ ಬಣ್ಣ ಬಳಿಯುತ್ತಿದ್ದಾರೆ, ಕಾಲಿಟ್ಟಲ್ಲೆಲ್ಲ ಅಂಟು. ಮಾಸ್ತರು ನಿನ್ನನ್ನು ಕೇಳಿದರು. “ಹಾರೋದು ಬಿಡೋ ಹಾಗಿದ್ರೂ ಒಂದ್ಸಲ ಬಂದು ಹೇಳಿ ಬಿಡ್ಲಿ, ಕದ್ದು ಹೋಗೋದೇನು,” ಎಂದರು. ನೀನು ಮನೆಗೆ ಬಾ. ಅಮ್ಮ ಏನನ್ನುತ್ತಾಳೋ ಎಂಬ ಭಯವಿದ್ದರೆ ಬಿಡು, ಅದನ್ನು ನಾನು ನೋಡಿಕೊಂಡಿದ್ದೇನೆ. ಬಸ್ಸಿನಲ್ಲಿ ಕಾಲು ಚಾಚುವಷ್ಟು ಜಾಗವಿರುವ ಸೀಟು ಹಿಡಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಾಲು ಗಟ್ಟಿಯಾಗಲಿ, ಮನಸ್ಸು ಅದಕ್ಕಿಂತ ಬೇಗ ಗಟ್ಟಿಯಾಗಲಿ.

ನಿನ್ನ
ಅಕ್ಕ

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದೆ. ಮೇಲಿನದೆಲ್ಲ ನಿನಗೆ ಮಾತ್ರ. ಅಮ್ಮನಿಗೆ ಬೇರೆಯೇ ಹೇಳಿದ್ದೇನೆ. ಮೊನ್ನೆ ಊಟಕ್ಕೆ ಕೂತಾಗ ಮತ್ತೆ ಅದನ್ನೇ ಕೇಳಿದಳು. “ನನ್ನ ಕೈಯೇ ಅಮ್ಮ. ಸರಿಯಾಗಿ ಕೂರಿಸಿರ್ಲಿಲ್ಲ,” ಎಂದುಬಿಟ್ಟೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನ ನಿನ್ನ ಹಾಸಿಗೆಯನ್ನು ಒಬ್ಬಳೇ ಎಳೆದು ತಂದು ಬಿಸಿಲಿಗೆ ಹಾಕಿದಳು. ನಾನು ಇನ್ನೊಂದು ತುದಿ ಹಿಡಿಯಲು ಹೋದರೆ ಬಿಡಲಿಲ್ಲ. ನಾನೀಗ ಮನೆ ಬಿಟ್ಟು ಹ್ಯಾಂಗರಿನ ಹಿಂದಿನ ಸ್ಟೋರ್ ರೂಮಿನಲ್ಲಿದ್ದೇನೆ. ನಿಜ ಹೇಳಿ ನನ್ನನ್ನು ಉಳಿಸಲು ಹೋಗಬೇಡ. ಒಬ್ಬಳ ಮೇಲೆ ಸಿಟ್ಟಿಟ್ಟುಕೊಂಡು ಅವಳು ಬದುಕಿಯಾಳು, ಇಬ್ಬರೂ ಇಲ್ಲದೆ ಬದುಕಲಾರಳು. ಹೋಗಿ ಅವಳೆದುರು ಕೂತು ಊಟ ಮಾಡು. ನಾನು ಉಂಡೆನೋ ಇಲ್ಲವೋ ಎಂದು ಅವಳು ಎಂದಾದರೂ ಕೇಳಿದರೆ, ಆ ದಿನವೇ ನನಗೊಂದು ಸಾಲು ಬರೆ.