ಕೂಡಿಸಿದ ಗೆರೆ

ಸೆಪ್ಟೆಂಬರ್ 29, ಬೆಳಿಗ್ಗೆ
ಮಣ್ಣು ಸೋಸಿದೆ. ಅಮ್ಮ ಬಾಗಿಲ ಬಿಸಿಲಿಗೆ ಕೂತು ಅಜ್ಜಿಯ ಕಲ್ಲಿನಿಂದ ಮಡಕೆ ಉಜ್ಜುತ್ತಿದ್ದಳು. ಬೆರಳು ತಾಗಿ ತಾಗಿ ಕಲ್ಲೇ ಸವೆದಿದೆ. ಕಣ್ಣು ಮಂಜು, ಕೈ ತಪ್ಪುವುದಿಲ್ಲ. ನಾಳೆ ಡಯಾಲಿಸಿಸ್. ಪಿಕಪ್ ಟ್ರಕ್ಕಿಗೆ ಪೆಟ್ರೋಲ್ ಹಾಕಿಸಬೇಕು.

ಸೆಪ್ಟೆಂಬರ್ 30
ಹೋಗಲಿಲ್ಲ. ಹಾರ್ನ್ ಹೊಡೆದೆ, ಅಮ್ಮ ಹೊರಗೇ ಬರಲಿಲ್ಲ. ಮಡಕೆಗೆ ಗೆರೆ ಎಳೆಯುವುದಿದೆಯಂತೆ. ನಮ್ಮ ಹೋಪಿ ಬುಡಕಟ್ಟಿನ ಹೆಂಗಸರ ಹಟ ಗೊತ್ತಲ್ಲ... ಚಿಕ್ಕಮ್ಮ ಅರ್ಲೀನ್ ಬಂದು, ಕತ್ತೆಗಾದರೂ ಬುದ್ಧಿ ಹೇಳಬಹುದು ಎಂದು ಗದರಿದಳು. ಕತ್ತೆಯ ತಂಗಿ ಏನಾಗುತ್ತಾಳೆ ಎಂದು ಅಮ್ಮ ಕೇಳಿದಳು.

ಅಕ್ಟೋಬರ್ 2
ಇವತ್ತೂ ಇಲ್ಲ. ಅಮ್ಮನ ಕಾಲು ಊದಿದೆ.
ಯುಕ್ಕಾ ಗಿಡದ ನಾರೆಲೆಯ ಕುಂಚದಿಂದ ಮಡಕೆಯ ಕಂಠದ ಸುತ್ತ ಕಪ್ಪು ಗೆರೆ ಎಳೆದಿದ್ದಾಳೆ. ತುದಿಗೆ ತುದಿ ಕೂಡಿಬಿಟ್ಟಿದೆ. ನಮ್ಮ ಮನೆಯಲ್ಲಿ ಈ ಗೆರೆಯನ್ನು ಯಾರೂ ಕೂಡಿಸುವುದಿಲ್ಲ. ಬೆರಳಗಲ ಬಾಗಿಲು ಬಿಡಬೇಕು. ಕೂಡಿಸಿದರೆ ಮಾಡಿದವಳ ಆಯುಸ್ಸೂ ಅಲ್ಲಿಗೇ ಮುಗಿದಂತೆ.
ಕಣ್ಣು ಕಾಣದೆ ಆದ ತಪ್ಪು. ಅವಳು ಮಲಗಿದಾಗ ಚಾಕುವಿನ ತುದಿಯಿಂದ ಒಂದಿಷ್ಟು ಕೆರೆದು ಬಾಗಿಲು ತೆಗೆದೆ. ಆಮೇಲೆ ಕೂತು ಕಾಫಿ ಕುಡಿದೆ.

ಅಕ್ಟೋಬರ್ 3
ಮಡಕೆಯನ್ನು ಮಡಿಲಲ್ಲಿಟ್ಟು ಬೆರಳಾಡಿಸಿದಳು. ನುಣುಪಿನ ನಡುವೆ ಉಗುರು ತಡೆಯಿತು.
"ಕೆರೆದೋಳು ನೀನೇನಾ?"
ಗೆರೆ ಕೂಡಿತ್ತು, ನಿನಗೆ ಕಾಣಲಿಲ್ಲ ಎಂದೆ.
"ಕಣ್ಣಿಗೆ ಕಾಣಲ್ಲ ಕಣೇ, ಎಲ್ಲಿ ಶುರು ಮಾಡ್ದೆ ಅಂತ ಕೈಗೆ ಗೊತ್ತು. ಬೇಕಂತ್ಲೇ ಕೂಡಿಸ್ದೆ. ಆ ಮಿಷಿನ್ ಹತ್ರ ಇನ್ನು ಹೋಗಲ್ಲ ನಾನು."
ಜಗಳಾಡಿದೆ, ಅತ್ತುಬಿಟ್ಟೆ. ನನಗಿನ್ನೂ ಕೆಲಸ ಪೂರ್ತಿ ಬರುವುದಿಲ್ಲ, ಯಾರು ಹೇಳಿಕೊಡುತ್ತಾರೆ ಎಂದೆ. ಅಮ್ಮ ಕೆರೆದ ಜಾಗಕ್ಕೆ ತಿಳಿಮಣ್ಣು ಸವರಿ, ಕಲ್ಲಿನಿಂದ ಉಜ್ಜಿ, ಕುಂಚ ನನ್ನ ಕಡೆ ಚಾಚಿದಳು.
"ತೆಗೆದೋಳು ನೀನು. ನೀನೇ ಮುಚ್ಚು."
ಮುಟ್ಟಲಿಲ್ಲ. ಎದ್ದು ಹೊರಗೆ ಹೋದೆ.

ಅಕ್ಟೋಬರ್ 6
ಉಸಿರು ಕಷ್ಟ. ಮಾತು ಕಡಿಮೆ. ಮಡಕೆ ಹಾಸಿಗೆಯ ಪಕ್ಕದಲ್ಲೇ. ಮಧ್ಯಾಹ್ನ ಕುಂಚ ನೆನೆಸಿದೆ. ಕೂಡಿಸಿದೆ. ಅವಳ ಬೆರಳು ನನ್ನ ಮಣಿಕಟ್ಟಿನ ಮೇಲಿತ್ತು. ಇಷ್ಟು ನೇರ ಗೆರೆ ನಾನು ಎಂದೂ ಎಳೆದಿಲ್ಲ. ಅದಕ್ಕೇ ಸಿಟ್ಟು ಬಂತು.

ಅಕ್ಟೋಬರ್ 8
ಮಡಕೆ ಸುಟ್ಟೆವು. ಹಳೆಯ ಮಡಕೆ ಚೂರು ಮುಚ್ಚಿ, ಸುತ್ತ ಒಣಗಿದ ಕುರಿಹಿಕ್ಕೆ ಒಟ್ಟಿ. ಬೆಂಕಿಯ ಹತ್ತಿರ ಪಿಸುಮಾತಷ್ಟೇ... ದನಿ ಏರಿದರೆ ಒಳಗೆ ಮಡಕೆ ಸೀಳುತ್ತದೆ. ಚಿಕ್ಕಮ್ಮ ಶಾಲು ಬಾಯಿಗೆ ಅದುಮಿಕೊಂಡು ಅತ್ತಳು. ನನಗೆ ಕಿರುಚಬೇಕೆನ್ನಿಸಿತು. ಒಂದು ಸಲ ಕಿರುಚಿದ್ದರೆ ಸಾಕಿತ್ತು. ಕಿರುಚಲಿಲ್ಲ.
ಜೇನಿನ ಬಣ್ಣ ಬಂದಿದೆ. ಒಂದು ಬಿರುಕೂ ಇಲ್ಲ. ತಂದು ಅಮ್ಮನ ಕೈಗಿಟ್ಟೆ. ಬಿಸಿ ಇದೆ ಎಂದಳು, ಬಿಡಲಿಲ್ಲ.

ಅಕ್ಟೋಬರ್ 15
ಅಮ್ಮ ಹೋಗಿ ನಾಲ್ಕನೆಯ ದಿನ ಕಳೆಯಿತು. ಅವಳ ಹೆಸರು ಬರೆಯುವಂತಿಲ್ಲ. ಹೋದವರು ಮೋಡವಾಗಿ ಬರುತ್ತಾರೆ ಎನ್ನುತ್ತಾರೆ. ಪಶ್ಚಿಮಕ್ಕೆ ಮೋಡವಿದೆ, ಮಳೆಯಿಲ್ಲ.
ನನ್ನ ಚಿಕ್ಕ ಮಡಕೆಗೆ ಗೆರೆ ಎಳೆದೆ. ಸೊಟ್ಟಗಿದೆ. ಮಣಿಕಟ್ಟಿನ ಮೇಲೆ ಬೆರಳಿಲ್ಲ. ಕೊನೆಗೆ ಬಂದಾಗ ಬೆರಳಗಲ ಬಿಟ್ಟು ಕೈ ನಿಲ್ಲಿಸಿದೆ.
ಅಮ್ಮಾ, ಬಾಗಿಲು ತೆಗೆದೇ ಇದೆ, ನೀನು—